ಕರಾವಳಿ ಸಮುದ್ರದ ಸಮಗ್ರ ಶೋಧನೆ

ಪ್ರತಿವರ್ಷ ಜೂನ್ ೧ರಿಂದ ಜುಲೈ ೩೧ರ ವರೆಗೆ, ಒಟ್ಟು ೬೧ ದಿವಸಗಳ ಕಾಲ, ನಮ್ಮ ಪಶ್ಚಿಮ ತೀರದಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವುದು ನಿಷಿದ್ಧವಾಗಿರುತ್ತದೆ. ಆ ಅವಧಿ ತೀರುತ್ತಲೆ ಕಾರವಾರ, ತದಡಿ, ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರು ಬಂದರುಗಳಿಂದ ದೋಣಿಗಳು ಕಡಲಿಗಿಳಿಯುತ್ತವೆ. ಬಲೆಗೆ, ಎಣ್ಣೆಗೆ, ಮಂಜುಗಡ್ಡೆಗೆ, ಆಳುಗಳ ಮುಂಗಡಕ್ಕೆ ಸಾಲವೆತ್ತಿ ಹೊರಟಿರುವ ದೋಣಿಯ ಒಡೆಯನ ಮನಸ್ಸಿನಲ್ಲಿ ಆಗ ಇರತಕ್ಕದ್ದು ಒಂದೇ ಪ್ರಶ್ನೆ: ಈ ಸಲ ಬಂಗುಡೆ ಬರುವುದೆ? ಬೂತಾಯಿ ಬರುವುದೆ? ರೈತನು ಮಳೆಯ ವಿಷಯವಾಗಿ ಕೇಳಿದರೆ ಹವಾಮಾನ ಇಲಾಖೆಯವರು ತಕ್ಕಮಟ್ಟಿಗಾದರೂ ಉತ್ತರ ಕೊಡುತ್ತಾರೆ. ಮೀನುಗಾರನು ಇಡೀ ಹಂಗಾಮಿನ ವಿಷಯವಾಗಿ ಕೇಳುವ ಪ್ರಶ್ನೆಗೆ ನಂಬತಕ್ಕ ಉತ್ತರವನ್ನು ಹೇಳುವವರು ಇನ್ನೂ ಯಾರೂ ಇಲ್ಲ.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ಶಾಸ್ತ್ರ ಯಾವುದು? ಮತ್ಸ್ಯಶಾಸ್ತ್ರವೆಂದು ಯಾರಾದರೂ ಥಟ್ಟನೆ ಹೇಳಿಯಾರು. ಆದರೆ ಬೂತಾಯಿಯು ತಿಂದು ಬದುಕುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಅದರಲ್ಲಿಯೂ ವಿಶೇಷವಾಗಿ ಡಯಾಟಂ ಎಂಬ ಪಾಚಿಯ ಜಾತಿಯನ್ನು. ಆದುದರಿಂದ ಸಸ್ಯಶಾಸ್ತ್ರ ಬೇಕು. ಆ ಪಾಚಿ ಬೆಳೆಯುವುದಕ್ಕೆ ನೈಟ್ರೇಟು, ಫಾಸ್ಫೇಟು ಮೊದಲಾದ ಲವಣಗಳು ದೊರೆಯಬೇಕು. ಅದನ್ನು ಅಳೆಯುವವನು ರಸಾಯನಶಾಸ್ತ್ರಜ್ಞ. ಆ ಲವಣಗಳನ್ನು ಆಳದಿಂದ ಮೇಲಕ್ಕೆ ತರುವುದು ಗಾಳಿ ಮತ್ತು ಪ್ರವಾಹ. ಅದು ಭೌತಶಾಸ್ತ್ರದ ವಿಷಯ. ನದಿಗಳು ತಂದು ಸುರಿಯುವ ಹೂಳು ಭೂಗರ್ಭಶಾಸ್ತ್ರಕ್ಕೆ ಸೇರಿದ್ದು. ಕೊನೆಗೆ ಎಷ್ಟು ದೋಣಿಗಳು ಯಾವ ಬಲೆಯಿಂದ ಎಷ್ಟು ಹಿಡಿದುವು, ಪೇಟೆಯ ಧಾರಣೆ ಏನು ಎಂಬುದು ಅರ್ಥಶಾಸ್ತ್ರದ ಮಾತು. ಇವರೆಲ್ಲರೂ ಒಂದೇ ದೋಣಿಯಲ್ಲಿ ಕುಳಿತು, ಒಂದೇ ನೀರನ್ನು, ಒಂದೇ ದಿವಸ ನೋಡಿದ ಹೊರತು ಮೀನುಗಾರನ ಪ್ರಶ್ನೆಗೆ ಉತ್ತರ ದೊರೆಯಲಾರದು. ಈ ಒಂದು ಸಂಗತಿಯನ್ನು ನಮ್ಮ ಓದುಗರ ಮತ್ತು ಅಧಿಕಾರದಲ್ಲಿರುವ ಮಹನೀಯರ ಗಮನಕ್ಕೆ ತರುವುದೇ ಇಂದಿನ ಈ ಲೇಖನದ ಉದ್ದೇಶ.

ದಡದಿಂದ ಮೊದಲಾಗಿ, ನೆಲದ ಅಂಚು ನೀರಿನೊಳಗೆ ಇಳಿಜಾರಾಗಿ ಸುಮಾರು ೨೦೦ ಮೀಟರು ಆಳದ ವರೆಗೆ ಮುಂದುವರಿದಿರುವ ಭಾಗವನ್ನು ಭೂಗೋಳಶಾಸ್ತ್ರಜ್ಞರು ಖಂಡಾವರಣವೆಂದು ಕರೆಯುತ್ತಾರೆ. ಅದರ ಮೇಲಿರುವ ನೀರೇ ತೀರಸಮುದ್ರ. ಜಗತ್ತಿನ ಸಮುದ್ರಗಳ ಒಟ್ಟು ವಿಸ್ತಾರದಲ್ಲಿ ಇದು ನೂರಕ್ಕೆ ಏಳೆಂಟು ಪಾಲಿಗಿಂತ ಹೆಚ್ಚಿಲ್ಲ. ಆದರೂ ಮನುಷ್ಯರು ಹಿಡಿಯುವ ಮೀನಿನ ಬಹುಪಾಲು ದೊರೆಯುವುದು ಇಲ್ಲಿಯೆ. ನದಿಗಳು ಬಂದು ಕೂಡುವುದು, ಊರಿನ ಕೊಳಕು ಬಂದು ಬೀಳುವುದು, ಹೊಲಗಳ ಗೊಬ್ಬರ ಕರಗಿ ಬಂದು ಸೇರುವುದು ಇಲ್ಲಿಯೆ. ಸಮುದ್ರದಿಂದ ಮನುಷ್ಯನು ಪಡೆಯುವುದೂ ಸಮುದ್ರಕ್ಕೆ ಮನುಷ್ಯನು ಮಾಡುವ ಅಪಚಾರವೂ ಹೆಚ್ಚಾಗಿ ಈ ಕಿರಿದಾದ ಪಟ್ಟಿಯಲ್ಲಿಯೇ ನಡೆಯುತ್ತವೆ.

ಹೀಗಿದ್ದರೂ ಸಾಗರಶಾಸ್ತ್ರದ ದೃಷ್ಟಿ ಮೊದಲಿನಿಂದಲೂ ಹೆಚ್ಚಾಗಿ ದೂರದ ಆಳದ ಕಡೆಗೇ ಇದ್ದಿತು. ೧೮೭೨ರಿಂದ ೧೮೭೬ರ ವರೆಗೆ ಭೂಮಂಡಲವನ್ನು ಸುತ್ತಿದ ಚಾಲೆಂಜರ್ ಹಡಗಿನ ಪಂಡಿತರು ೫೦ ಸಂಪುಟಗಳ ವರದಿಯನ್ನು ಕೊಟ್ಟು ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. ಅದು ಸಾಮಾನ್ಯವಾದ ಸಾಹಸವಲ್ಲ. ಆದರೆ ದಡದ ಬಳಿಯ ನೀರು ಆಳದ ನೀರಿನಂತೆ ನಿಧಾನವಾಗಿ ಬದಲಾಗತಕ್ಕದ್ದಲ್ಲ. ವಾರಕ್ಕೊಂದು ಬಗೆ, ಕೊಲ್ಲಿಗೊಂದು ಬಗೆ. ಹಡಗು ಒಮ್ಮೆ ಬಂದು ನೋಡಿ ಹೋದರೆ ಅದು ತಿಳಿಯುವಂತಿಲ್ಲ. ಅಲ್ಲಿಯೇ ನಿಂತು, ವರುಷಗಟ್ಟಲೆ, ಎಲ್ಲ ಶಾಸ್ತ್ರಗಳ ಕಣ್ಣಿನಿಂದಲೂ ನೋಡಬೇಕು.

ಈ ಪಾಠವನ್ನು ಅಮೆರಿಕದವರು ನಷ್ಟಪಟ್ಟು ಕಲಿತರು. ಕ್ಯಾಲಿಫೋರ್ನಿಯದ ತೀರದಲ್ಲಿ ೧೯೩೬-೩೭ರ ಹಂಗಾಮಿನಲ್ಲಿ ಸುಮಾರು ಏಳು ಲಕ್ಷ ಟನ್ನು ಸಾರ್ಡೀನ್ ಮೀನು ಸಿಕ್ಕಿತು. ಸಾರ್ಡೀನೆಂದರೆ ನಮ್ಮ ಬೂತಾಯಿಯ ದಾಯಾದಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಮೀನು ಮಾಯವಾಗತೊಡಗಿತು. ಡಬ್ಬಿ ತುಂಬುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಅತಿಯಾಗಿ ಹಿಡಿದದ್ದೇ ಕಾರಣವೆಂದು ಒಂದು ಪಕ್ಷ, ಸಮುದ್ರವೇ ಬದಲಾಯಿತೆಂದು ಇನ್ನೊಂದು ಪಕ್ಷ. ವಾದ ಬೆಳೆಯಿತೇ ಹೊರತು ನಿರ್ಣಯವಾಗಲಿಲ್ಲ. ಆಗ, ೧೯೪೯ರಲ್ಲಿ, ಮೀನುಗಾರಿಕೆಯವರೂ ಸಾಗರಶಾಸ್ತ್ರಜ್ಞರೂ ಸರಕಾರದವರೂ ಕೂಡಿ ಒಂದು ಸಹಕಾರಿ ಶೋಧನೆಯನ್ನು ಆರಂಭಿಸಿದರು. ಗೊತ್ತಾದ ಗೆರೆಗಳ ಮೇಲೆ ಹಡಗು ಸಾಗಿ, ಗೊತ್ತಾದ ಸ್ಥಳಗಳಲ್ಲಿ ನಿಂತು, ನೀರಿನ ಶಾಖ, ಉಪ್ಪು, ಪ್ರಾಣವಾಯು, ಪಾಚಿ, ಮೀನಿನ ಮೊಟ್ಟೆ ಮರಿಗಳು ಎಲ್ಲವನ್ನೂ ಒಟ್ಟಿಗೆ ಅಳೆಯುವುದು ಅದರ ಕ್ರಮ. ಮುಕ್ಕಾಲು ಶತಮಾನ ಕಳೆದರೂ ಆ ಕೆಲಸ ಇಂದಿಗೂ ನಡೆಯುತ್ತಿದೆ.

ಆ ವಿವಾದಕ್ಕೆ ಬೆಳಕು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಅದೇ ತೀರದ ಸಾಂತಾ ಬಾರ್ಬರಾ ಎಂಬಲ್ಲಿ ಸಮುದ್ರದ ತಳದ ಕೆಸರು ವರ್ಷಕ್ಕೊಂದು ಪದರದಂತೆ ಕದಡದೆ ಶೇಖರವಾಗಿದೆ. ಆ ಪದರಗಳನ್ನು ಬಿಡಿಸಿ, ಒಳಗೆ ಉಳಿದಿದ್ದ ಮೀನಿನ ಹುರುಪೆಗಳನ್ನು ಎಣಿಸಿದ ಸಂಶೋಧಕರು ೧೯೬೯ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹದಿನೇಳು ನೂರು ವರ್ಷಗಳಿಗೂ ಮೇಲ್ಪಟ್ಟ ಲೆಕ್ಕ ಅದರಲ್ಲಿ ದೊರೆಯಿತು. ಯಾವ ಯಂತ್ರದ ದೋಣಿಯೂ ಇಲ್ಲದ ಕಾಲದಲ್ಲಿಯೂ ಸಾರ್ಡೀನು ಕೆಲವು ದಶಕ ಹೇರಳವಾಗಿ, ಮತ್ತೆ ಕೆಲವು ದಶಕ ವಿರಳವಾಗಿ ಇದ್ದದ್ದು ಸಿದ್ಧವಾಯಿತು. ಹಾಗೆಂದು ಬಲೆಯ ದೋಷ ಕಳೆಯಿತೆಂದಲ್ಲ. ಸಮುದ್ರವು ತಾನಾಗಿಯೇ ಮೀನನ್ನು ಕುಗ್ಗಿಸುವ ಕಾಲದಲ್ಲಿ ಮನುಷ್ಯನೂ ಕೈಯಿಕ್ಕಿದರೆ ಸರ್ವನಾಶವೆಂಬುದು ಅದರ ತಾತ್ಪರ್ಯ. ಮೀನಿನ ಪ್ರಶ್ನೆಗೆ ಕೆಸರಿನ ಶಾಸ್ತ್ರ ಉತ್ತರ ಹೇಳಿತು. ಶಾಸ್ತ್ರಗಳು ಕೂಡಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಕೂಡದೆ ಹೋದರೆ ಏನಾದೀತೆಂಬುದಕ್ಕೆ ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ಸಾಕ್ಷಿ. ಅಲ್ಲಿಯ ಕಾಡ್ ಮೀನು ಸಮೃದ್ಧವಾಗಿದೆಯೆಂದು ೧೯೮೦ರ ದಶಕದಲ್ಲಿ ಸರಕಾರೀ ಅಂದಾಜುಗಳು ಹೇಳುತ್ತಿದ್ದುವು. ದಡದ ಬಳಿ ಸಣ್ಣ ದೋಣಿಗಳಲ್ಲಿ ಹಿಡಿಯುವವರು ಮಾತ್ರ ಮೀನು ಕಡಿಮೆಯಾಗಿದೆ, ಗಾತ್ರದಲ್ಲಿಯೂ ಕಿರಿದಾಗಿದೆ ಎಂದು ಮೊರೆಯಿಡುತ್ತಿದ್ದರು. ಅವರ ಮಾತಿಗೆ ಬೆಲೆ ಬರಲಿಲ್ಲ. ೧೯೯೨ರ ಜುಲೈಯಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು ಮೂವತ್ತು ಸಾವಿರ ಜನ ಒಂದೇ ಸಲಕ್ಕೆ ಕೆಲಸವಿಲ್ಲದವರಾದರು. ಎರಡು ವರ್ಷಕ್ಕೆಂದು ಹಾಕಿದ ಆ ನಿಷೇಧವನ್ನು ತೆಗೆದದ್ದು ೨೦೨೪ರಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆಗೆ ಇದೊಂದು ದೃಷ್ಟಾಂತವಾಯಿತು.

ಈಗ ನಮ್ಮ ಸಮುದ್ರದ ಕಡೆಗೆ ತಿರುಗೋಣ. ಅರಬ್ಬೀ ಸಮುದ್ರದ ಪೂರ್ವತೀರವು ಜಗತ್ತಿನ ಬೇರೆ ತೀರಗಳಂತೆ ಅಲ್ಲ. ಇಲ್ಲಿ ಪ್ರವಾಹವು ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಮುಂಗಾರಿನಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಮುಂಗಾರಿನ ಕಾಲದಲ್ಲಿ ಮೇಲಣ ನೀರು ದಡದಿಂದ ಆಚೆಗೆ ಸರಿಯುವುದರಿಂದ ಆಳದ ತಣ್ಣೀರು ದಡದ ಬಳಿ ಮೇಲೇರುತ್ತದೆ. ಅದರೊಡನೆ ಬರುವ ಲವಣಗಳೇ ಪಾಚಿಗೆ ಗೊಬ್ಬರ, ಪಾಚಿಯೇ ಬೂತಾಯಿಗೆ ಮೇವು. ಇಷ್ಟು ಹೊತ್ತಿಗೆ ಕಥೆ ಮುಗಿಯಿತೆಂದುಕೊಂಡರೆ ತಪ್ಪು. ಗೋವೆಯಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಡಾ. ಸತೀಶ ಶೆಟ್ಯೆ ಮೊದಲಾದವರೂ ಇತರ ದೇಶಗಳ ಪಂಡಿತರೂ ತೋರಿಸಿಕೊಟ್ಟಿರುವಂತೆ, ನಮ್ಮ ತೀರದ ನೀರಿನ ಏರಿಳಿತವು ನಮ್ಮ ತೀರದ ಗಾಳಿಯಿಂದ ಮಾತ್ರ ನಿರ್ಣಯವಾಗತಕ್ಕದ್ದಲ್ಲ. ಬಂಗಾಳ ಕೊಲ್ಲಿಯ ಮೇಲೆ ಬೀಸಿದ ಗಾಳಿಯು ಎಬ್ಬಿಸಿದ ದೀರ್ಘವಾದ ಅಲೆಗಳು ದಡವನ್ನು ಹಿಡಿದು, ಸಿಂಹಳವನ್ನು ಬಳಸಿ, ನಮ್ಮ ಪಶ್ಚಿಮ ತೀರದ ವರೆಗೆ ಬಂದು ಇಲ್ಲಿಯ ಪ್ರವಾಹವನ್ನು ತಿದ್ದುತ್ತವೆ. ಮಲ್ಪೆಯ ಮೀನಿನ ಲೆಕ್ಕವನ್ನು ಮಲ್ಪೆಯಲ್ಲಿ ಕುಳಿತು ಮಾತ್ರ ಹಾಕಲಾಗದೆಂಬುದು ಇದರಿಂದ ಸ್ಪಷ್ಟ.

ಮೇಲೇರುವ ಈ ನೀರಿಗೆ ಇನ್ನೊಂದು ಮುಖವಿದೆ. ಅದರಲ್ಲಿ ಲವಣ ಹೆಚ್ಚು, ಪ್ರಾಣವಾಯು ಕಡಿಮೆ. ಸಹ್ಯಾದ್ರಿಯ ಮಳೆಯೂ ನದಿಗಳ ನೆರೆಯೂ ಅದರ ಮೇಲೆ ಹಗುರವಾದ ಸಿಹಿನೀರಿನ ತೆಳುವಾದ ಮುಚ್ಚಳವನ್ನು ಹೊದಿಸುತ್ತವೆ. ಮೇಲಿನ ನೀರೂ ಕೆಳಗಿನ ನೀರೂ ಬೆರೆಯುವುದಿಲ್ಲ. ಗಾಳಿಯ ಪ್ರಾಣವಾಯು ಕೆಳಗಿಳಿಯುವುದಿಲ್ಲ. ಸತ್ತು ಕೆಳಗೆ ಬಿದ್ದ ಪಾಚಿ ಕೊಳೆಯುತ್ತ ಇದ್ದ ಅಲ್ಪಸ್ವಲ್ಪವನ್ನೂ ತೀರಿಸಿಬಿಡುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಕೆಲವೆಡೆ ತಳದ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುವ ವರೆಗೂ ಸ್ಥಿತಿ ಕೆಡುತ್ತದೆ. ತಳದಲ್ಲಿ ವಾಸಿಸುವ ಮೀನು ಸಿಗಡಿಗಳು ಅಲ್ಲಿಂದ ಓಡಬೇಕು, ಇಲ್ಲವೆ ಸಾಯಬೇಕು. ಈ ಪ್ರದೇಶದ ವಿಸ್ತಾರ ಸುಮಾರು ಒಂದು ಲಕ್ಷದ ಎಂಬತ್ತು ಸಾವಿರ ಚದರ ಕಿಲೋಮೀಟರು.

ಈ ವಿಷಯವನ್ನು ಗೋವೆಯ ಅದೇ ಸಂಸ್ಥೆಯ ಡಾ. ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಅವರ ಸಂಗಡಿಗರು ೨೦೦೦ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತಿನ ವಿದ್ವಾಂಸರ ಲಕ್ಷ್ಯ ಇತ್ತ ತಿರುಗಿತು. ಇಂಥ ನೀರಿನಿಂದ ನೈಟ್ರಸ್ ಆಕ್ಸೈಡ್ ಎಂಬ ಅನಿಲವು ವಿಪರೀತವಾಗಿ ಹೊರಡುತ್ತದೆಂದು ಅವರು ತೋರಿಸಿದರು. ಭೂಮಿಯನ್ನು ಕಾಯಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೭೦ ಪಟ್ಟು ಬಲವಾದದ್ದು. ಹೊಲಗಳಿಂದ ಕರಗಿ ಬರುವ ಗೊಬ್ಬರ ಈ ಕೇಡನ್ನು ಹೆಚ್ಚಿಸುತ್ತಿದೆಯೆ ಎಂಬ ಶಂಕೆಯನ್ನೂ ಅವರು ಎತ್ತಿದರು. ಮೆಕ್ಸಿಕೋ ಕೊಲ್ಲಿಯಲ್ಲಿ ಮಿಸಿಸಿಪಿ ನದಿ ತರುವ ಗೊಬ್ಬರದಿಂದಲೇ ಪ್ರತಿ ಬೇಸಿಗೆಯಲ್ಲಿ ಪ್ರಾಣವಾಯುವಿಲ್ಲದ ನೀರು ಹರಡುತ್ತದೆಂಬುದು ಸಿದ್ಧವಾದ ಸಂಗತಿ. ೨೦೧೭ರಲ್ಲಿ ಅದು ಇಪ್ಪತ್ತೆರಡು ಸಾವಿರ ಚದರ ಕಿಲೋಮೀಟರಿಗೂ ಮೀರಿತ್ತು. ನಮ್ಮಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ದಶಕಗಳ ದಾಖಲೆಯಿಂದ ಮಾತ್ರ ಸಾಧ್ಯ. ಗೋವೆಯ ಕಾಂಡೋಳಿಯ ಎದುರಿಗೆ ೧೯೯೭ರಿಂದ ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಅಳತೆ ಮಾಡುವ ಕ್ರಮವನ್ನು ಆ ಸಂಸ್ಥೆಯವರು ಇರಿಸಿಕೊಂಡರು. ಇದು ಸದ್ದಿಲ್ಲದ ಕೆಲಸ, ಆದರೆ ಬಹುಮಾನ್ಯವಾದ ಕೆಲಸ.

ಈ ತಿಳಿವಳಿಕೆಯ ಅಗತ್ಯವೆಷ್ಟೆಂಬುದನ್ನು ಬೂತಾಯಿಯೇ ಹೇಳುತ್ತದೆ. ಕೇರಳದ ತೀರದಲ್ಲಿ ೨೦೧೨ರಲ್ಲಿ ನಾಲ್ಕು ಲಕ್ಷ ಟನ್ನಿಗೆ ಸಮೀಪವಾಗಿ ದೊರೆತ ಈ ಮೀನು ೨೦೨೧ರಲ್ಲಿ ಮೂರು ಸಾವಿರದ ಮುನ್ನೂರು ಟನ್ನಿನ ಆಸುಪಾಸಿಗೆ ಇಳಿಯಿತು. ನೂರು ಬುಟ್ಟಿ ಬರುತ್ತಿದ್ದಲ್ಲಿ ಒಂದು ಬುಟ್ಟಿಯೂ ಬರಲಿಲ್ಲ! ನಮ್ಮ ಕನ್ನಡ ಜಿಲ್ಲೆಗಳ ನೀರೂ ಅದೇ ನೀರು, ಮೀನೂ ಅದೇ ಜಾತಿ. ಈ ಮೀನಿನ ಚಂಚಲತೆ ಹೊಸದೇನೂ ಅಲ್ಲ. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗಲೇ ಅಲ್ಲಿಯ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಅವರು ೧೯೨೦ರ ದಶಕದಲ್ಲಿ ಬೂತಾಯಿಯ ಜೀವನಚರಿತ್ರೆಯನ್ನು ಶೋಧಿಸಿದ್ದರು. ಒಂದು ಶತಮಾನವೇ ಕಳೆಯಿತು. ಮೀನಿನ ವಿಷಯ ಬಹಳ ತಿಳಿದಿದೆ, ನೀರಿನ ವಿಷಯವೂ ಬಹಳ ತಿಳಿದಿದೆ. ಇವೆರಡನ್ನೂ ಕೂಡಿಸಿ ಮುಂಬರುವ ಹಂಗಾಮಿನ ವಿಷಯವಾಗಿ ಎಚ್ಚರಿಕೆ ಕೊಡುವಷ್ಟು ಮಾತ್ರ ತಿಳಿದಿಲ್ಲ.

ಸಮುದ್ರದ ಕಥೆ ಸಮುದ್ರದಲ್ಲಿಯೇ ಮೊದಲಾಗುವುದೂ ಇಲ್ಲ. ಶರಾವತಿಗೆ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಅದರಿಂದ ನಾಡಿಗಾದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪನ್ನು ತೊಳೆಯಿತು. ಉಪ್ಪುನೀರಿನಲ್ಲಿ ಬದುಕುವ ಬಳಚು ಮೊದಲಾದ ಚಿಪ್ಪಿನ ಜೀವಿಗಳು ಅಲ್ಲಿ ಕುಗ್ಗಿದುವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬರೆದಿದ್ದಾರೆ. ಅಲ್ಲಿಂದ ಉತ್ತರಕ್ಕೆ ಕೆಲವೇ ಹರದಾರಿಯ ಮೇಲೆ, ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ, ಸಾವಿರಾರು ಬಡವರು ಅದೇ ಬಳಚನ್ನು ಆರಿಸಿ ಹೊಟ್ಟೆ ಹೊರೆಯುತ್ತಾರೆ. ಆ ಅಳಿವೆಗೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂಬ ಮನ್ನಣೆ ದೊರೆಯಿತು. ಅಣೆಕಟ್ಟಿನ ನಕ್ಷೆ ಬರೆಯುವಾಗ ಅಳಿವೆಯ ಉಪ್ಪಿನ ಲೆಕ್ಕವನ್ನೂ ಹಿಡಿಯಬೇಕಾಗಿತ್ತೆಂದು ಆಗ ಹೇಳುವವರು ಯಾರಿದ್ದರು? ಇಂಜಿನಿಯರು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದನು. ಅವನ ಪಕ್ಕದಲ್ಲಿ ಕುಳಿತು ಮಾತನಾಡತಕ್ಕವನ ಪೀಠ ಮಾತ್ರ ಬರಿದಾಗಿತ್ತು.

ನಮ್ಮಲ್ಲಿ ಸಂಸ್ಥೆಗಳಿಗೇನೂ ಕೊರತೆಯಿಲ್ಲ. ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಶಾಖೆಗಳು ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ಇವೆ. ಅದರ ಮುಖ್ಯಸ್ಥಾನ ಕೊಚ್ಚಿ. ಮಂಗಳೂರಿನ ಮೀನುಗಾರಿಕೆ ಕಾಲೇಜು ೧೯೬೯ರಿಂದ ನಡೆಯುತ್ತಿದೆ. ಅದು ಸೇರಿರುವ ವಿಶ್ವವಿದ್ಯಾಲಯ ಬೀದರಿನಲ್ಲಿ. ಕಾರವಾರದ ಸಾಗರಜೀವಶಾಸ್ತ್ರದ ವಿಭಾಗ ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸಾಗರವಿಜ್ಞಾನ ಸಂಸ್ಥೆ ಗೋವೆಯಲ್ಲಿ. ಉಪಗ್ರಹಗಳು ಕಂಡ ನೀರಿನ ಶಾಖವನ್ನೂ ಬಣ್ಣವನ್ನೂ ನೋಡಿ, ಮೀನು ಎಲ್ಲಿ ದೊರೆಯಬಹುದೆಂದು ದೋಣಿಗಳಿಗೆ ಸೂಚನೆ ಕೊಡುವ ಕೇಂದ್ರ ಹೈದರಾಬಾದಿನಲ್ಲಿ. ನದಿ ನೀರಾವರಿಯವರದು, ವಿದ್ಯುತ್ತು ಇನ್ನೊಬ್ಬರದು, ಗೊಬ್ಬರ ಕೃಷಿ ಇಲಾಖೆಯದು, ಕೊಳಕು ಮತ್ತೊಂದು ಮಂಡಲಿಯದು. ಇವರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಸಮರ್ಥರೇ. ಆದರೆ ಕುರುಡರು ಆನೆಯನ್ನು ಮುಟ್ಟಿದ ಕಥೆಯಂತೆ ಕಾಲು ಹಿಡಿದವನಿಗೆ ಸೊಂಡಿಲಿನ ಸುದ್ದಿಯಿಲ್ಲ. ಸುಮಾರು ಮುನ್ನೂರು ಕಿಲೋಮೀಟರಿನ ಒಂದೇ ಕಡಲತಡಿ ಇಷ್ಟು ಊರುಗಳ ಕಡತಗಳಲ್ಲಿ ಹಂಚಿಹೋಗಿದೆ. ಕಡಲಿಗೆ ಮಾತ್ರ ಈ ಹಂಚಿಕೆ ಗೊತ್ತಿಲ್ಲ.

ಹೊರಗಣ ಪ್ರಪಂಚ ಈ ಕೊರತೆಯನ್ನು ಮನಗಂಡಿದೆ. ಯುನೆಸ್ಕೋದ ಸಾಗರಶಾಸ್ತ್ರ ಆಯೋಗದ ಪ್ರೋತ್ಸಾಹದಿಂದ ನಾನಾ ದೇಶಗಳ ವಿದ್ವಾಂಸರು ಜಗತ್ತಿನ ತೀರಸಮುದ್ರಗಳನ್ನೆಲ್ಲ ಒಂದೊಂದಾಗಿ ತೆಗೆದುಕೊಂಡು, ಭೌತ, ರಸಾಯನ, ಜೀವ, ಭೂಗರ್ಭ ಶಾಸ್ತ್ರಗಳನ್ನು ಕೂಡಿಸಿ ಬರೆದ ಸಂಪುಟಗಳು ಹೊರಬಂದಿವೆ. ಹಾರ್ವರ್ಡಿನ ಆಲನ್ ರಾಬಿನ್ಸನ್ ಮತ್ತು ವುಡ್ಸ್‌ಹೋಲಿನ ಕೆನೆತ್ ಬ್ರಿಂಕ್ ಅವರು ಸಂಪಾದಿಸಿದ, ೨೦೦೬ರ ‘ದಿ ಸೀ’ ಮಾಲೆಯ ಹದಿನಾಲ್ಕನೆಯ ಸಂಪುಟ ಅವುಗಳಲ್ಲೊಂದು. ಜಗತ್ತಿನ ಪಂಡಿತರು ಪುಸ್ತಕದಲ್ಲಿ ಕೂಡಿಸಿದ್ದನ್ನು ನಾವು ನಮ್ಮ ನೀರಿನಲ್ಲಿ ಕೂಡಿಸಬಾರದೆ?

ಹಣವೆಲ್ಲಿ ಎಂಬ ಆಕ್ಷೇಪ ಬರುವುದುಂಟು. ಆಳಸಮುದ್ರದ ಶೋಧನೆಗೆಂದು ಭಾರತ ಸರಕಾರವು ೨೦೨೧ರ ಜೂನಿನಲ್ಲಿ ೪,೦೭೭ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು ಆರು ಸಾವಿರ ಮೀಟರು ಆಳಕ್ಕೆ ಇಳಿಸುವುದು ಅದರ ಧ್ಯೇಯಗಳಲ್ಲೊಂದು. ಅದು ಆಗಲಿ, ದೇಶಕ್ಕೆ ಕೀರ್ತಿ ಬರಲಿ. ಆದರೆ ಆರು ಸಾವಿರ ಮೀಟರು ಆಳವನ್ನು ನೋಡಬಲ್ಲ ದೇಶವು ಅರುವತ್ತು ಮೀಟರು ಆಳದ ನೀರಿನಲ್ಲಿ ಪ್ರತಿ ತಿಂಗಳೂ ಏನು ನಡೆಯುತ್ತಿದೆಯೆಂಬುದನ್ನು ಬಿಡದೆ ಬರೆದಿಡುವುದಕ್ಕೆ ಹಣವಿಲ್ಲವೆಂದರೆ ನಂಬುವವರಾರು? ಈ ಕೆಲಸಕ್ಕೆ ಬೇಕಾದದ್ದು ಬಹಳ ಹಣವಲ್ಲ, ಬಹಳ ತಾಳ್ಮೆ. ಹನಿಹನಿಗೂಡಿದರೆ ಹಳ್ಳ.

ಶಾಸ್ತ್ರಜ್ಞರು ಬಂದರೆ ಮತ್ತೊಂದು ನಿಷೇಧ ತರುತ್ತಾರೆಂಬ ಭಯ ಮೀನುಗಾರರಲ್ಲಿದೆ. ಅದು ಅಕಾರಣವಾದ ಭಯವೆಂದು ನಾವು ಹೇಳಲಾರೆವು. ೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಗಳು ಬಂದು, ಊರಿಗೆ ಊರೇ ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಮೂಲೆಗೆ ಬಿದ್ದಾಗ ಬಡ ಮೀನುಗಾರರನ್ನು ಕೇಳಿದವರು ಯಾರು? ಆದುದರಿಂದಲೇ ಈ ಶೋಧನೆಯಲ್ಲಿ ಮೊಗವೀರ, ಖಾರ್ವಿ, ಹರಿಕಾಂತ ಬಂಧುಗಳು ಪಾಲುದಾರರಾಗಿರತಕ್ಕದ್ದು. ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಗಾಳಿಯ ತಿರುವು ಇವುಗಳನ್ನು ತಲೆಮಾರುಗಳಿಂದ ಓದಿದವರು ಅವರು. ನ್ಯೂಫೌಂಡ್‌ಲೆಂಡಿನಲ್ಲಿ ಸಣ್ಣ ದೋಣಿಯವರ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಿದ್ದರೆ ಆ ತೀರ ಅಷ್ಟು ಕೆಡುತ್ತಿರಲಿಲ್ಲವೆಂಬುದನ್ನು ನೆನೆಯಬೇಕು.

ನಾವು ಸೂಚಿಸುವುದು ನಾಲ್ಕು ಮಾತು. ಮೊದಲನೆಯದಾಗಿ, ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಯಿಂದ ಖಂಡಾವರಣದ ಅಂಚಿನ ವರೆಗೆ ಗೆರೆಗಳನ್ನು ಗೊತ್ತುಮಾಡಿ, ಅವುಗಳ ಮೇಲೆ ತಿಂಗಳಿಗೊಮ್ಮೆಯಾದರೂ ನೀರು, ಪಾಚಿ, ಕೆಸರು, ಮೀನಿನ ಮೊಟ್ಟೆ ಇವೆಲ್ಲವನ್ನೂ ಒಂದೇ ಪಯಣದಲ್ಲಿ ಅಳೆಯುವ ಏರ್ಪಾಡು ಶಾಶ್ವತವಾಗಿ ನಿಲ್ಲಬೇಕು. ಎರಡನೆಯದಾಗಿ, ಮೇಲೆ ಹೇಳಿದ ಸಂಸ್ಥೆಗಳೆಲ್ಲದರ ಪ್ರತಿನಿಧಿಗಳೂ ಮೀನುಗಾರರ ಸಹಕಾರ ಸಂಘಗಳ ಪ್ರತಿನಿಧಿಗಳೂ ಇರುವ ಒಂದು ಮಂಡಲಿ ಕರಾವಳಿಯಲ್ಲಿಯೇ ಕೂಡಬೇಕು. ಮೂರನೆಯದಾಗಿ, ಅಣೆಕಟ್ಟು, ಬಂದರು, ಕಾರ್ಖಾನೆ ಯಾವುದೇ ಆಗಲಿ, ಮಂಜೂರಾಗುವ ಮೊದಲು ಆ ಮಂಡಲಿಯ ಅಭಿಪ್ರಾಯ ಬಹಿರಂಗವಾಗಿ ಬರಬೇಕು. ನಾಲ್ಕನೆಯದಾಗಿ, ಅಳೆದದ್ದೆಲ್ಲವೂ ಕಾಲಕಾಲಕ್ಕೆ ಕನ್ನಡದಲ್ಲಿ ಪ್ರಕಟವಾಗಬೇಕು. ಯಾವನ ನೀರಿನ ಲೆಕ್ಕವೋ ಅವನಿಗೆ ಓದಲು ಬಾರದ ಭಾಷೆಯಲ್ಲಿ ಅದನ್ನು ಇಟ್ಟುಕೊಂಡಿರುವುದು ನ್ಯಾಯವಲ್ಲ.

ಮಳೆಯ ದಾಖಲೆಯನ್ನು ನಮ್ಮ ಹಿಂದಿನವರು ತಾಲ್ಲೂಕು ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಬರೆದಿಟ್ಟರು. ಅದನ್ನು ಬರೆದ ಗುಮಾಸ್ತನಿಗೆ ಅದರ ಫಲ ಕಾಣಲಿಲ್ಲ. ಇಂದು ಅದಿಲ್ಲದೆ ಮುಂಗಾರಿನ ಶಾಸ್ತ್ರವೇ ಇಲ್ಲ. ಕಡಲಿನ ದಾಖಲೆಯೂ ಹಾಗೆಯೆ. ಇಂದು ಆರಂಭಿಸಿದರೆ ನಮ್ಮ ಮಕ್ಕಳ ಕಾಲಕ್ಕೆ ಉತ್ತರ ದೊರೆಯುತ್ತದೆ. ಇಂದು ಬಿಟ್ಟರೆ ಈ ವರ್ಷದ ನೀರು ಹೇಗಿತ್ತೆಂಬುದು ಎಂದೆಂದಿಗೂ ತಿಳಿಯದೆ ಹೋಗುತ್ತದೆ. ಮುಂದಿನ ಆಗಸ್ಟಿನಲ್ಲಿ ದೋಣಿ ಕಡಲಿಗಿಳಿಯುವಾಗ ಅದರ ಒಡೆಯನು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ಅದಕ್ಕೆ ಉತ್ತರ ಹುಡುಕುವ ಕೆಲಸವನ್ನಾದರೂ ಆರಂಭಿಸಿದ್ದೇವೆಂದು ಅವನಿಗೆ ಹೇಳುವಂತಾಗಲಿ. ಅಷ್ಟು ಹೇಳುವ ಹೊಣೆ ಸರಕಾರದವರದು, ವಿದ್ವಾಂಸರದು, ಹಾಗೂ ಆ ಮೀನನ್ನು ಉಂಡು ಬಾಳುವ ನಮ್ಮೆಲ್ಲರದು.